ಬೀದಿಯೇ ಪಾಠಶಾಲೆ: ಜಾಲಹಳ್ಳಿಯ ಮಕ್ಕಳು ಕಲಿತ ಪೌರನೀತಿ

ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ‘ಪೌರನೀತಿ’ ಎಂಬ ತೆಳ್ಳನೆಯ ಪುಸ್ತಕವೊಂದನ್ನು ಓದುತ್ತಿದ್ದೆವು. ರಾಷ್ಟ್ರಪತಿಯಾಗಲು ವಯಸ್ಸೆಷ್ಟಾಗಿರಬೇಕು, ರಾಜ್ಯಸಭೆಯ ಅವಧಿ ಏನು ಎಂಬಿವುಗಳನ್ನು ಅಮರಕೋಶದ ಶ್ಲೋಕಗಳಂತೆಯೇ ಕಂಠಪಾಠ ಮಾಡಿ ಗುರುಗಳಿಗೆ ಒಪ್ಪಿಸುತ್ತಿದ್ದೆವು. ಆಗ ಒಪ್ಪಿಸಿದುದು ಇಂದಿಗೂ ನೆನಪಿನಲ್ಲಿದೆ. ಆದರೆ ‘ಪೌರ’ ಎಂಬ ಪದದ ಅರ್ಥವನ್ನು ನಮಗೆ ಸರಿಯಾಗಿ ತಿಳಿಸಿಕೊಟ್ಟವಳು ಜಾಲಹಳ್ಳಿಯ ಐದನೆಯ ತರಗತಿಯ ಒಬ್ಬ ಬಾಲಿಕೆ. ಅದೂ ನಮಗೆ ಅರವತ್ತು ತುಂಬಿದ ಮೇಲೆ. ಆ ಸಂಗತಿಯನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಮನೆಗೆ ಸಮೀಪದ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಒಂದು ದಿನ ಬಂದು, “ಮಕ್ಕಳನ್ನು ಮೂರು ಶನಿವಾರ ಊರು ಸುತ್ತಿಸಬೇಕೆಂದಿದ್ದೇನೆ. ಹಿರಿಯರೊಬ್ಬರು ಜೊತೆಗಿದ್ದರೆ ಹೆತ್ತವರಿಗೂ ಧೈರ್ಯ. ತಾವು ಬರಬೇಕು” ಎಂದು ಕೇಳಿದರು. ನಾವು ಒಪ್ಪಿದೆವು. ಹೊರಡುವ ಮುನ್ನ ಆಕೆ 28 ಮಕ್ಕಳ ಕೈಗೂ ಒಂದೊಂದು ನೋಟುಬುಕ್ಕು ಕೊಟ್ಟು, ಎರಡೇ ಪ್ರಶ್ನೆಗಳನ್ನು ಬರೆಸಿದರು: ‘ಇಲ್ಲಿ ಯಾರು ದುಡಿಯುತ್ತಾರೆ? ಅವರ ದುಡಿಮೆ ನಮ್ಮ ಮನೆಗೆ ಹೇಗೆ ಬಂದು ಸೇರುತ್ತದೆ?’

ಊರೆಂಬ ತೆರೆದ ಪುಸ್ತಕ

ಮೊದಲ ಶನಿವಾರ ಮಕ್ಕಳು ಕಂಡದ್ದು ತಾವು ದಿನವೂ ಹಾದುಹೋಗುವ ಗೋಡೆಗಳನ್ನೇ. ಆದರೆ ಅವುಗಳ ಹಿಂದೆ ಏನಿದೆ, ಏನಿತ್ತು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಬಯಲಿನಲ್ಲಿ ಸೈನಿಕ ಆಸ್ಪತ್ರೆಗಳಿದ್ದವು. ಇಟಲಿಯ ಯುದ್ಧಕೈದಿಗಳ ಶಿಬಿರವಿದ್ದಿತು. ಸ್ವಾತಂತ್ರ್ಯಾನಂತರ ಅದೇ ಬಯಲು ಕೈಗಾರಿಕೆಯ ತವರಾಯಿತು. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ನಾಡಿನ ಎಷ್ಟೋ ಮನೆಗಳಲ್ಲಿ ಅಳಿಯನಿಗೆ ಮದುವೆಯಲ್ಲಿ ಕಟ್ಟಿದ ಗಡಿಯಾರ ಇಲ್ಲಿಯ ಹೆಣ್ಣುಮಕ್ಕಳ ಕೈಯಲ್ಲಿ ಜೋಡಣೆಯಾದುದು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಗಡಿಯಾರದ ಆ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು.

ಒಬ್ಬ ಹುಡುಗ ತನ್ನ ತಾತನ ‘ಜನತಾ’ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದನು. ಕೀ ಕೊಟ್ಟರೆ ಇನ್ನೂ ನಡೆಯುತ್ತಿತ್ತು. ಇದೇ ಸಂಸ್ಥೆಯು ಅಂಧರಿಗಾಗಿ ಬ್ರೈಲ್ ಗಡಿಯಾರವನ್ನೂ ತಯಾರಿಸುತ್ತಿತ್ತೆಂದೂ, ಮುಚ್ಚಳ ತೆರೆದು ಮುಳ್ಳುಗಳನ್ನೂ ಉಬ್ಬುಚುಕ್ಕೆಗಳನ್ನೂ ಬೆರಳಿನಿಂದ ಸವರಿ ಅವರು ವೇಳೆ ತಿಳಿಯುತ್ತಿದ್ದರೆಂದೂ ನಾವು ಹೇಳಿದಾಗ ಮಕ್ಕಳು ತಾವಾಗಿಯೇ ಕಣ್ಣು ಮುಚ್ಚಿ ತಾತನ ಗಡಿಯಾರವನ್ನು ಸವರಿ ನೋಡಿದರು. ಗಾಜಿನ ಮೇಲೆ ಬೆರಳು ಜಾರಿತೇ ಹೊರತು ವೇಳೆ ತಿಳಿಯಲಿಲ್ಲ. ಅನುಕಂಪ ಎಂಬ ಪದವನ್ನು ಅಂದು ಯಾರೂ ಉಚ್ಚರಿಸಲಿಲ್ಲ. ಉಚ್ಚರಿಸುವ ಅಗತ್ಯವೂ ಬೀಳಲಿಲ್ಲ.

ಭಾರತ್ ಎಲೆಕ್ಟ್ರಾನಿಕ್ಸಿನ ಗೋಡೆಯ ಬಳಿ ಶಿಕ್ಷಕಿಯು ಇನ್ನೊಂದು ಸಂಗತಿ ಹೇಳಿದರು. ನಮ್ಮ ದೇಶದ ಚುನಾವಣೆಗಳಲ್ಲಿ ಬಳಸುವ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುವುದು ಎರಡೇ ಸಂಸ್ಥೆಗಳು. ಒಂದು ಇದು, ಇನ್ನೊಂದು ಹೈದರಾಬಾದಿನದು. ಮತಯಂತ್ರವು ಮೊದಲು ಬಳಕೆಗೆ ಬಂದುದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. 2004ರ ಲೋಕಸಭಾ ಚುನಾವಣೆಯ ವೇಳೆಗೆ 543 ಕ್ಷೇತ್ರಗಳಲ್ಲಿಯೂ ಅದೇ ಬಂದಿತು. “ಹಾಗಾದರೆ ಓಟು ನಮ್ಮೂರಲ್ಲೇ ತಯಾರಾಗುತ್ತದೆ” ಎಂದನು ಒಬ್ಬ ಹುಡುಗ. ಯಂತ್ರ ಇಲ್ಲಿ ತಯಾರಾಗುತ್ತದೆ, ಓಟು ತಯಾರಾಗುವುದು ನಮ್ಮ ವಿವೇಕದಲ್ಲಿ ಎಂದು ನಾವು ತಿದ್ದಿದೆವು.

ನಲ್ಲಿಯ ನೀರು ಎಲ್ಲಿಂದ ಬಂತು?

ಎರಡನೆಯ ಶನಿವಾರ ನೀರಿನ ಜಾಡು ಹಿಡಿದೆವು. 1896ರ ವೇಳೆಗೆ ಬೆಂಗಳೂರಿಗೆ ಕೊಳವೆಯ ನೀರು ಬಂದುದು ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ಕಾವೇರಿ ನೀರು ಬಂದುದು 1974ರಲ್ಲಿ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಹಂತ ಹಂತವಾಗಿ ಯಂತ್ರಗಳು ಆ ನೀರನ್ನು ಏರಿಸಿ ತರುತ್ತವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರವು ಪಟ್ಟ ಪಾಡನ್ನು ಮಕ್ಕಳೂ ಕಂಡವರೇ. ಅದೇ ವರ್ಷದ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು. ಅಷ್ಟು ದೂರದಿಂದ ಒಂದು ಲೋಟ ನೀರು ಬರಲು ಎಷ್ಟು ಜನ ರಾತ್ರಿಪಾಳಿ ಮಾಡುತ್ತಾರೆಂದು ಮಕ್ಕಳು ಬೆರಳು ಮಡಿಸಿ ಎಣಿಸತೊಡಗಿದರು, ಬೆರಳುಗಳು ಸಾಲಲಿಲ್ಲ.

ಮಧ್ಯಾಹ್ನ ಪೀಣ್ಯದ ಕಡೆ ನಡೆದೆವು. 2015ರ ಮೇ 1ರಂದು, ಕಾರ್ಮಿಕರ ದಿನದಂದೇ, ಜಾಲಹಳ್ಳಿಯ ಮೆಟ್ರೋ ನಿಲ್ದಾಣ ತೆರೆಯಿತು. ತಲೆಯ ಮೇಲೆ ರೈಲು ಓಡುತ್ತಿದ್ದರೂ ಕೆಳಗೆ ರಸ್ತೆ ದಾಟುವುದು ಮಕ್ಕಳಿಗೂ ವೃದ್ಧರಿಗೂ ಸಾಹಸವೇ ಸರಿ. ಊಟದ ವೇಳೆಗೆ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಗೇಟು ತೆರೆದು ನೂರಾರು ಹೆಣ್ಣುಮಕ್ಕಳು ಹೊರಬಂದರು. ಆಗ ಒಬ್ಬ ಹುಡುಗ ಗೆಳೆಯರ ಹಿಂದೆ ಸರಿದು ನಿಂತನು. ತನ್ನ ತಾಯಿ ‘ಆಫೀಸಿಗೆ’ ಹೋಗುತ್ತಾಳೆಂದು ಅವನು ತರಗತಿಯಲ್ಲಿ ಹೇಳಿದ್ದನಂತೆ. ಶಿಕ್ಷಕಿಯು ಏನನ್ನೂ ಕೇಳಲಿಲ್ಲ. ತಾವು ತೊಟ್ಟ ಅಂಗಿಯಲ್ಲಿ ಎಷ್ಟು ಹೊಲಿಗೆಗಳಿವೆ ಎಂದು ಎಣಿಸುವಂತೆ ಎಲ್ಲ ಮಕ್ಕಳಿಗೂ ಹೇಳಿದರು, ಅಷ್ಟೆ. ಮರುವಾರ ಆ ಹುಡುಗ ತನ್ನ ನೋಟುಬುಕ್ಕಿನಲ್ಲಿ ‘ನಮ್ಮಮ್ಮ ಕಾಲರ್ ಹೊಲಿಯುತ್ತಾರೆ’ ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡು ಬಂದಿದ್ದನು.

ಮೂರನೆಯ ಶನಿವಾರ

ಕೊನೆಯ ಶನಿವಾರ ಬೆಳಗಿನ 6-30ಕ್ಕೆ ಮಕ್ಕಳು ಸೇರಿದರು. ಬೀದಿ ಗುಡಿಸುವ ಪೌರಕಾರ್ಮಿಕರೊಬ್ಬರೊಡನೆ ಒಂದು ಗಂಟೆ ನಡೆಯುವುದು ಅಂದಿನ ಪಾಠ. ಆ ತಾಯಿ ಮೊದಲು ಸಂಕೋಚಪಟ್ಟರು. ಆಮೇಲೆ ಒಂದೊಂದಾಗಿ ಹೇಳಿದರು. ಹಸಿ ಕಸದ ಜೊತೆ ಒಡೆದ ಗಾಜು ಹಾಕುವುದರಿಂದ ಕೈ ಕೊಯ್ದುಕೊಂಡುದನ್ನು ತೋರಿಸಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಶೌಚಕ್ಕೆ ಹೋಗಲು ಸ್ಥಳವಿಲ್ಲದುದರಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿರುವುದಾಗಿ ಹೇಳಿದರು. ಒಂದು ಮನೆಯ ಬಾಗಿಲಲ್ಲಿ ಯಾರೋ “ಕಸದವರು ಬಂದರು” ಎಂದು ಕೂಗಿದಾಗ ಆಕೆ ನಕ್ಕು, “ನೋಡಿ ಮಕ್ಕಳೆ, ಕಸ ಅವರದು, ಕಸದವರು ಮಾತ್ರ ನಾವು” ಎಂದರು.

ಆಗಲೇ ಆ ಬಾಲಿಕೆ ಕೇಳಿದ್ದು. “ತಾತ, ಪೌರನೀತಿಯಲ್ಲಿರುವ ಪೌರ, ಪೌರಕಾರ್ಮಿಕ ಅನ್ನುವುದರಲ್ಲಿರುವ ಪೌರ, ಎರಡೂ ಒಂದೇನಾ?”

ಒಂದೇ ಮಗು, ಎಂದೆವು. ಪುರದಲ್ಲಿರುವವನು ಪೌರ, ಪುರಕ್ಕಾಗಿ ದುಡಿಯುವವನು ಪೌರಕಾರ್ಮಿಕ. ಈ ಹೆಸರಿನ ಹಿಂದೆ ಒಂದು ದೀರ್ಘ ಹೋರಾಟವಿದೆ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 2022ರ ಜುಲೈ ತಿಂಗಳಿನಲ್ಲಿ ಸಾವಿರಾರು ಪೌರಕಾರ್ಮಿಕರು ಕೆಲಸದ ಕಾಯಮಾತಿಗಾಗಿ ಮುಷ್ಕರ ಹೂಡಿದರು. ಇಷ್ಟನ್ನೂ ನಾವು ವಿವರಿಸಿದೆವು. ಬಾಲಿಕೆ ಎಲ್ಲವನ್ನೂ ಕೇಳಿ, ಮೆಲ್ಲಗೆ, “ಹಾಗಾದರೆ ನಮ್ಮ ಮನೆಯಲ್ಲಿ ಇವರಿಗೆ ಬೇರೆ ಲೋಟ ಯಾಕಿದೆ?” ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮ ಮನೆಯ ಲೋಟ

ಉತ್ತರವಿಲ್ಲದುದಕ್ಕೆ ಕಾರಣವನ್ನು ಮುಚ್ಚಿಡಲಾರೆವು. ಆ ಮಗುವಿನ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಂತುದು ನಮ್ಮದೇ ಮನೆಯ ಹಿತ್ತಲ ಬಾಗಿಲ ಪಕ್ಕದ ಕಿಟಕಿ. ಅದರ ಕಟ್ಟೆಯ ಮೇಲೆ ಒಂದು ಸ್ಟೀಲಿನ ಲೋಟ ಬೋರಲಾಗಿ ಕುಳಿತಿರುತ್ತದೆ. ಅದು ಒಳಗೆ ಬರುವುದಿಲ್ಲ. ಕಾಯಕವನ್ನು ಕುರಿತು ನಾವು ನಲವತ್ತು ವರ್ಷ ಉಪನ್ಯಾಸ ಮಾಡಿದ್ದೇವೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಎಂದು ಶರಣರ ನಾಮಾವಳಿಯನ್ನು ಮಕ್ಕಳಿಂದ ಹೇಳಿಸಿದ್ದೇವೆ. ಅವರ ಹೆಸರಿನೊಳಗೇ ಅವರ ಕಾಯಕವಿದೆ. ಹನ್ನೆರಡನೆಯ ಶತಮಾನದಲ್ಲಿ ಅದು ಅವಮಾನವಾಗಿರಲಿಲ್ಲ, ಗೌರವವಾಗಿತ್ತು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದಿಂದಲೇ ಲಕ್ಕಮ್ಮ ತಾಯಿಯವರ ಹೆಸರಿಗೆ ‘ಆಯ್ದಕ್ಕಿ’ ಸೇರಿತು. ಎಂಟು ನೂರು ವರ್ಷಗಳ ಹಿಂದಿನ ಆ ಹೆಸರುಗಳೆಲ್ಲ ನಮಗೆ ಬಾಯಿಪಾಠ. ನಮ್ಮ ಬೀದಿಯನ್ನು ಗುಡಿಸುವ ತಾಯಿಯ ಹೆಸರು ಮಾತ್ರ ಅಂದಿನವರೆಗೆ ನಮಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಸೊಸೆಯನ್ನು ಕರೆದು, “ಈ ಲೋಟ ಯಾರು ಇಟ್ಟದ್ದು?” ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆವು. ಆಕೆ ತಲೆ ತಗ್ಗಿಸಿ, “ಮಾವನವರೆ, ನಾನು ಈ ಮನೆಗೆ ಬಂದಾಗಿನಿಂದ ಅಲ್ಲೇ ಇದೆ” ಎಂದಳು. ಆಕೆ ಬಂದು ಹದಿನಾಲ್ಕು ವರ್ಷಗಳಾದವು. ಹದಿನಾಲ್ಕು ವರ್ಷ ನಾವು ಆ ಕಿಟಕಿಯ ಮುಂದೆ ಹಾದುಹೋಗಿದ್ದೇವೆ. ಮಠದಲ್ಲಿದ್ದಾಗ ಸರದಿಯ ಮೇಲೆ ಅಂಗಳ ಗುಡಿಸಿದ ಕೈ ನಮ್ಮದು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವರು ನಾವು. ಗೃಹಸ್ಥರಾದ ಮೇಲೆ ಅದನ್ನು ಎಲ್ಲಿ ಕಳೆದುಕೊಂಡೆವೋ ತಿಳಿಯದು. ಅಂದು ನಾವೇ ಆ ಲೋಟವನ್ನು ತೊಳೆದು ಒಳಗಿನ ಲೋಟಗಳ ಸಾಲಿನಲ್ಲಿಟ್ಟೆವು. ಈಗ ಅದು ಯಾವುದೆಂದು ಗುರುತು ಹಿಡಿಯಲು ನಮ್ಮಿಂದ ಆಗುವುದಿಲ್ಲ.

ಇದು ಹೊಸ ದಾರಿಯಲ್ಲ

ಊರನ್ನೇ ಪಾಠವಾಗಿಸುವ ಈ ಕ್ರಮ ನಮ್ಮ ನಾಡಿಗೆ ಹೊಸತಲ್ಲ. ಉಡುಪಿ ಜಿಲ್ಲೆಯ ಕುಂದಾಪುರದ ಕಡೆ 1995ರಲ್ಲಿಯೇ ‘ಮಕ್ಕಳ ಪಂಚಾಯತಿ’ಗಳು ಆರಂಭವಾದವು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳು ಎಲ್ಲೆಲ್ಲಿ ಕಾಲುಸಂಕ ಬೇಕೆಂದು ತಾವೇ ನಡೆದು, ನೋಡಿ, ಹಿರಿಯರ ಮುಂದಿಟ್ಟರು. ಆ ಅನುಭವದ ಬೆಳಕಿನಲ್ಲಿ 2006ರ ಸುಮಾರಿಗೆ ರಾಜ್ಯ ಸರ್ಕಾರವು ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಆದೇಶಿಸಿತು. ಬೆಂಗಳೂರಿನಲ್ಲಿ 2000ದಲ್ಲಿ ಹುಟ್ಟಿದ ‘ಚಿಲ್ಡ್ರನ್ಸ್ ಮೂವ್‌ಮೆಂಟ್ ಫಾರ್ ಸಿವಿಕ್ ಅವೇರ್‌ನೆಸ್’ ಶಾಲೆಗಳಲ್ಲಿ ಪೌರಪ್ರಜ್ಞೆಯ ಸಂಘಗಳನ್ನು ಕಟ್ಟಿತು. ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 1992ರಲ್ಲಿ ಸಮ್ಮತಿಸಿತು.

ಜಾಲಹಳ್ಳಿಯ ಶಿಬಿರದಲ್ಲಿ ಇಟಲಿಯ ಕೈದಿಗಳಿದ್ದರೆಂದು ಮೊದಲೇ ಹೇಳಿದೆವಷ್ಟೆ. ಅದೇ ಯುದ್ಧ ಮುಗಿದಾಗ, 1945ರಲ್ಲಿ, ಅವರ ದೇಶದ ರೆಜ್ಜೊ ಎಮಿಲಿಯಾ ನಗರದ ಹತ್ತಿರದ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯ ಜನರು ಜರ್ಮನ್ನರು ಬಿಟ್ಟುಹೋದ ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿ, ಬಂದ ಹಣದಿಂದ ಮಕ್ಕಳಿಗೊಂದು ಶಾಲೆ ಕಟ್ಟಿದರು. ಲೋರಿಸ್ ಮಾಲಗುಜ್ಜಿ ಎಂಬ ಶಿಕ್ಷಕರು ಅವರ ಜೊತೆಗೂಡಿದರು. ಮುಂದೆ ಆ ನಗರದ ಶಿಶುಶಾಲೆಗಳು ಜಗತ್ಪ್ರಸಿದ್ಧವಾದವು. ಮಗುವು ನಾಳಿನ ಪ್ರಜೆಯಲ್ಲ, ಇಂದಿನ ಪ್ರಜೆ ಎಂಬುದು ಆ ಶಾಲೆಗಳ ತಿರುಳು.

ತಾಯಿತಂದೆಗಳಲ್ಲಿ ಒಂದು ಮಾತು

ಈ ಶನಿವಾರಗಳ ಬಗ್ಗೆ ಕೆಲವು ಹೆತ್ತವರು ಆಕ್ಷೇಪಿಸಿದರು. “ಮಕ್ಕಳು ಓದಲಿ ಸ್ವಾಮಿ, ಕಸದ ಹಿಂದೆ ಅಲೆಯಲು ಶಾಲೆಗೆ ಕಳಿಸುತ್ತೇವೆಯೇ?” ಎಂದವರೂ ಉಂಟು. ಬಿಸಿಲು, ವಾಹನ ಎಂಬ ಅವರ ಭಯ ಸುಳ್ಳಲ್ಲ. ಆದರೆ ಆ ಮೂರು ದಿನಗಳಲ್ಲಿ ಮಕ್ಕಳು ಓದನ್ನು ಬಿಟ್ಟಿರಲಿಲ್ಲ. ಚರಿತ್ರೆ, ಭೂಗೋಳ, ಗಣಿತ, ಕನ್ನಡ ಎಲ್ಲವನ್ನೂ ನಡೆಯುತ್ತಲೇ ಕಲಿತರು. ಅವರು ಕಲಿತುದು ದಯೆಯನ್ನಲ್ಲ ಎಂಬುದನ್ನೂ ಗಮನಿಸಬೇಕು. ದಯೆ ತೋರುವವನು ಮೇಲೆ ನಿಂತಿರುತ್ತಾನೆ. ತಾನು ಯಾರ ಯಾರ ದುಡಿಮೆಯ ಋಣದಲ್ಲಿದ್ದೇನೆಂದು ಲೆಕ್ಕ ಇಟ್ಟವನು ಜೊತೆಗೆ ನಿಲ್ಲುತ್ತಾನೆ. ಅವನೇ ಪೌರ.

ಮಕ್ಕಳು ತಮ್ಮ ಕೈಬರಹದಲ್ಲಿಯೇ ಒಂದು ಅರ್ಜಿ ಬರೆದರು. ರಸ್ತೆ ದಾಟಲು ಗುರುತಿನ ಪಟ್ಟೆ, ಪೌರಕಾರ್ಮಿಕರಿಗೆ ಶೌಚಾಲಯ ಮತ್ತು ಕುಡಿಯುವ ನೀರು, ಇಷ್ಟೇ ಅವರ ಬೇಡಿಕೆ. ಕಚೇರಿಯಲ್ಲಿ ಅರ್ಜಿಗೆ ಸ್ವೀಕೃತಿಯ ಮುದ್ರೆ ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ. ಶಿಕ್ಷಕಿಯು ತರಗತಿಯ ಗೋಡೆಯ ಮೇಲೆ ದಿನಗಳನ್ನು ಬರೆಸುತ್ತಿದ್ದಾರೆ. ಮತ್ತೆ ಹೋಗಿ ಕೇಳುವುದು ಮುಂದಿನ ಪಾಠವಂತೆ. ಕಚೇರಿಯ ಉತ್ತರಕ್ಕೆ ಕಾಯದೆ ಮಾಡಬಹುದಾದುದನ್ನು ಮಕ್ಕಳು ಮನೆಗಳಲ್ಲಿ ಆಗಲೇ ಮಾಡಿದ್ದಾರೆ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೈಗೆ ಕೊಡುತ್ತಾರೆ. “ಕಸದವರು ಬಂದರು” ಎಂಬ ಕೂಗು ನಿಂತು, ಆ ಬೀದಿಯಲ್ಲಿ ಈಗ ಆಕೆಯನ್ನು ಹೆಸರು ಹಿಡಿದು, ‘ಅಮ್ಮ’ ಎಂದು ಸೇರಿಸಿ ಕರೆಯುತ್ತಾರೆ.

ಬಂಧುಗಳೆ, ರಜೆಯಲ್ಲಿ ಮಕ್ಕಳನ್ನು ದೂರದ ಕ್ಷೇತ್ರಗಳಿಗೆ ಕರೆದೊಯ್ಯುತ್ತೇವೆ, ಒಳ್ಳೆಯದೇ. ಅದಕ್ಕೆ ಮುಂಚೆ ಒಂದು ಬೆಳಗು ಮಗುವಿನ ಕೈ ಹಿಡಿದು ನಿಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಹಾಲಿನವರು, ಪತ್ರಿಕೆ ಹಾಕುವ ಹುಡುಗ, ನೀರು ಬಿಡುವವರು, ಗುಡಿಸುವ ತಾಯಿ, ಇವರ ಹೆಸರುಗಳನ್ನು ಮಗುವಿನಿಂದ ಕೇಳಿಸಿ, ಬರೆಯಿಸಿ. ಮನೆಗೆ ಮರಳಿದ ಮೇಲೆ ಕಿಟಕಿಯ ಕಟ್ಟೆಯನ್ನೊಮ್ಮೆ ನೋಡಿರಿ. ಅಲ್ಲಿ ಬೋರಲಾದ ಲೋಟವೊಂದು ಇದ್ದರೆ, ಮಗು ಕೇಳುವ ಮೊದಲೇ ಅದನ್ನು ಒಳಗೆ ತನ್ನಿರಿ.