ತೊಗರಿಯೂ ವಂಶವಾಹಿಯೂ

ಚಿತ್ತಾಪುರ, ಸೇಡಂ, ಚಿಂಚೋಳಿಗಳ ಕಪ್ಪುನೆಲದಲ್ಲಿ ತೊಗರಿಯೇ ಮುಖ್ಯ ಬೆಳೆ. ಇಲ್ಲಿನ ಬೇಳೆಯ ರುಚಿಯನ್ನು ನಾಡೆಲ್ಲ ಬಲ್ಲದು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆದರೆ ಹೂವು ಕಾಯಿಗಳಿಂದ ತುಂಬಿದ ಹೊಲದಲ್ಲಿ ಗಿಡಗಳು ಇದ್ದಕ್ಕಿದ್ದಂತೆ ಬಾಡಿ ಒಣಗಿಹೋಗುವುದುಂಟು. ರೈತರು ಇದನ್ನು ನೆಟೆ ರೋಗವೆನ್ನುವರು. 2022ರ ಹಂಗಾಮಿನಲ್ಲಿ ಈ ರೋಗವು ಜಿಲ್ಲೆಯ ಬೆಳೆಯನ್ನು ಬಹಳವಾಗಿ ಹಾಳುಮಾಡಿತು.

ಇದಕ್ಕೆ ಕಾರಣ ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ. ಅದು ಕೊಯ್ದುಳಿದ ಕೂಳೆಗಳನ್ನು ಆಶ್ರಯಿಸಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಬೇರಿನ ಮೂಲಕ ಒಳಹೊಕ್ಕು, ನೀರನ್ನು ಮೇಲಕ್ಕೊಯ್ಯುವ ನಾಳಗಳನ್ನು ಮುಚ್ಚಿಬಿಡುತ್ತದೆ. ಆಗ ನೆಲದಲ್ಲಿ ತೇವವಿದ್ದರೂ ಗಿಡವು ನೀರಿಲ್ಲದೆ ಸಾಯುತ್ತದೆ. ಎಲೆಗಳ ಮೇಲೆ ಔಷಧಿ ಸಿಂಪಡಿಸಿ ಫಲವಿಲ್ಲ. ಜೋಳದೊಡನೆ ಬೆರೆಸಿ ಬಿತ್ತಿದ ತೊಗರಿಗೆ ಈ ರೋಗ ಕಡಮೆಯೆಂದು ಪ್ರಯೋಗಗಳಿಂದ ತಿಳಿದಿದೆ. ಅಕ್ಕಡಿ ಬೇಸಾಯವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಿದವರು ಇದನ್ನು ಗಮನಿಸಬೇಕು.

ರೋಗವನ್ನು ತಾಳಿಕೊಳ್ಳುವ ಗಿಡಗಳನ್ನು ಹುಡುಕಿ ಆರಿಸುವುದೇ ಇದುವರೆಗಿನ ಮುಖ್ಯ ಉಪಾಯ. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ತಳಿಯು ಹೀಗೆ ಬಂದುದು. ಆದರೆ ಎರಡು ತಳಿಗಳನ್ನು ಸಂಕರಗೊಳಿಸಿದಾಗ ಬೇಕಾದ ಗುಣದೊಡನೆ ಬೇಡದ ಗುಣಗಳೂ ಬರುತ್ತವೆ. ಅವನ್ನು ಕಳೆಯಲು ಅನೇಕ ವರ್ಷಗಳು ಹಿಡಿಯುತ್ತವೆ.

ಒಳ್ಳೆಯ ತಳಿಯನ್ನು ಹಾಗೆಯೇ ಉಳಿಸಿಕೊಂಡು ಒಂದೇ ಗುಣವನ್ನು ತಿದ್ದಲು ಬಾರದೆ? ಇದಕ್ಕೊಂದು ದಾರಿಯನ್ನು 2012ರಲ್ಲಿ ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ತೋರಿಸಿದರು. ಬ್ಯಾಕ್ಟೀರಿಯಗಳು ವೈರಸ್ಸುಗಳನ್ನು ತುಂಡರಿಸಲು ಬಳಸುವ ಕ್ಯಾಸ್-9 ಎಂಬ ಪ್ರೋಟೀನು ಇಲ್ಲಿ ಕತ್ತರಿ. ಆರ್‌ಎನ್‌ಎಯ ಒಂದು ಚಿಕ್ಕ ಎಳೆ ಅದಕ್ಕೆ ದಾರಿ ತೋರಿಸುತ್ತದೆ. ಗೊತ್ತಾದ ಸ್ಥಳದಲ್ಲಿ ಡಿಎನ್‌ಎ ತುಂಡಾದಾಗ ಜೀವಕೋಶವು ಅದನ್ನು ಬೆಸೆಯುತ್ತದೆ. ಬೆಸೆಯುವಾಗ ಒಂದೆರಡು ಅಕ್ಷರ ತಪ್ಪಿದರೆ ಆ ವಂಶವಾಹಿ ಕೆಲಸ ನಿಲ್ಲಿಸುತ್ತದೆ. ಬಿಟಿ ಹತ್ತಿಗೆ ಬ್ಯಾಕ್ಟೀರಿಯದ ವಂಶವಾಹಿಯನ್ನು ಸೇರಿಸಿದ್ದರು. ಇಲ್ಲಿ ಅನ್ಯಜೀವಿಯದೇನೂ ಕೊನೆಗೆ ಉಳಿಯಬೇಕಾಗಿಲ್ಲ. ಅಂತಹ ಸಸ್ಯಗಳಿಗೆ ಭಾರತ ಸರ್ಕಾರವು 2022ರಲ್ಲಿ ಕೆಲವು ನಿಯಮಗಳಿಂದ ವಿನಾಯಿತಿ ನೀಡಿತು. ಸಾಂಬಾ ಮಸೂರಿಯನ್ನು ತಿದ್ದಿದ 'ಕಮಲ' ಎಂಬ ಭತ್ತವನ್ನು 2025ರ ಮೇ ತಿಂಗಳಲ್ಲಿ ಪ್ರಕಟಿಸಲಾಯಿತು.

ತೊಗರಿಯಲ್ಲಿ ಕೆಲಸವು ಅಷ್ಟು ಸುಲಭವಲ್ಲ. 2011ರಲ್ಲಿಯೇ 'ಆಶಾ' ತಳಿಯ ಡಿಎನ್‌ಎಯನ್ನು ಓದಿ 48,680 ವಂಶವಾಹಿಗಳನ್ನು ಗುರುತಿಸಿದರು. ಅವುಗಳಲ್ಲಿ ಯಾವುದನ್ನು ತಿದ್ದಿದರೆ ಬೇರು ಶಿಲೀಂಧ್ರವನ್ನು ತಡೆದೀತು ಎಂಬುದನ್ನು ಗೊತ್ತುಮಾಡಬೇಕು. ಶಿಲೀಂಧ್ರದಲ್ಲಿಯೂ ಹಲವು ಬಗೆಗಳುಂಟು. ಒಂದೆಡೆ ತಾಳಿಕೊಂಡ ತಳಿ ಇನ್ನೊಂದೆಡೆ ಸೋಲಬಹುದು. ಮತ್ತೊಂದು ತೊಡಕು ಗಾಜಿನ ಪಾತ್ರೆಯಲ್ಲಿಯೇ ಇದೆ: ತಿದ್ದಿದ ಜೀವಕೋಶದಿಂದ ಇಡೀ ಗಿಡವನ್ನು ಬೆಳೆಸಬೇಕು. ಭತ್ತವು ಇದಕ್ಕೆ ಒಗ್ಗುತ್ತದೆ. ತೊಗರಿಯ ಚೂರುಗಳು ಮಾತ್ರ ಸುಲಭವಾಗಿ ಚಿಗುರುವುದಿಲ್ಲ, ಚಿಗುರಿದರೂ ಬೇರು ಬಿಡಲು ಸತಾಯಿಸುತ್ತವೆ.