ಘಾಟಿಗೆ ಸಿವಿಲ್ ಬೇಕು, ಮಕ್ಕಳಿಗೆ ಸಿಎಸ್

ಸಕಲೇಶಪುರದ ಆನೇಮಹಲ್ ದಾಟಿ ಶಿರಾಡಿ ಕಡೆ ಇಳಿದರೆ ರಾಷ್ಟ್ರೀಯ ಹೆದ್ದಾರಿ 75ರ ಮಗ್ಗುಲಲ್ಲಿ ನೆಟ್ಟಗೆ ಸೀಳಿದ ಗುಡ್ಡಗಳು. 2024ರ ಜುಲೈ ಮಳೆಗೆ ದೊಡ್ಡತಪ್ಪಲೆ ಬಳಿ ಮಣ್ಣು ಜಾರಿ ಸಂಚಾರವೇ ನಿಂತಿತ್ತು. ಎತ್ತಿನಹೊಳೆಯ ನೀರೆತ್ತುವ ಪಂಪುಗಳಿರುವುದೂ ಇದೇ ತಾಲ್ಲೂಕಿನಲ್ಲಿ. ಸುಬ್ರಹ್ಮಣ್ಯದತ್ತ ಇಳಿಯುವ ರೈಲುಮಾರ್ಗವಂತೂ ಸುರಂಗ, ಸೇತುವೆಗಳ ಸಾಲು. ಮಣ್ಣು, ಬಂಡೆ, ನೀರು ಬಲ್ಲ ಎಂಜಿನಿಯರಿಗೆ ಇಲ್ಲಿ ಕೆಲಸಕ್ಕೇನೂ ಬರವಿಲ್ಲ.

ಆದರೆ ಸಿಇಟಿ ರ‍್ಯಾಂಕ್ ಬಂದ ದಿನ ತೋಟದ ಮನೆಯಲ್ಲೂ ಲೈನ್ ಮನೆಯಲ್ಲೂ ಒಂದೇ ಪ್ರಶ್ನೆ: ‘ಸಿಎಸ್ ಸಿಗುತ್ತಾ?’ ಆಪ್ಷನ್ ಎಂಟ್ರಿಯಲ್ಲಿ ಮೊದಲು ಬೆಂಗಳೂರಿನ ಕಂಪ್ಯೂಟರ್ ಸೈನ್ಸ್, ಬೆನ್ನಿಗೆ ಎಐ, ಡೇಟಾ ಸೈನ್ಸ್. ಸಿವಿಲ್ ಕಟ್ಟಕಡೆಗೆ, ಅದೂ ನೆನಪಾದರೆ. ಅಣಕು ಹಂಚಿಕೆಯ ಫಲಿತಾಂಶ ಬಂದ ಮೇಲೆ ಸೈಬರ್ ಸೆಂಟರಿನಲ್ಲಿ ಕೂತು ಆ ಪಟ್ಟಿಯನ್ನು ಮತ್ತೆ ಮೇಲೆ ಕೆಳಗೆ ಮಾಡುವುದು ಬೇರೆ.

ಮಕ್ಕಳನ್ನು ದೂರಿ ಫಲವಿಲ್ಲ. ಸೈಟಿನ ಗುತ್ತಿಗೆದಾರ ಕೊಡುವ ಮೊದಲ ಸಂಬಳ, ವರ್ಷಗಟ್ಟಲೆ ಕಾಯಿಸುವ ಸರ್ಕಾರಿ ನೇಮಕಾತಿ ಎರಡನ್ನೂ ಅವರು ಕಣ್ಣಾರೆ ಕಂಡಿದ್ದಾರೆ.

ಬೇಡಿಕೆ ಇದ್ದಲ್ಲಿ ಸೀಟು ಎಂಬುದು ಈಗಿನ ನೀತಿ. 2024–25ರಿಂದ ಎಐಸಿಟಿಇ ಒಂದು ಶಾಖೆಗೆ ಇಂತಿಷ್ಟೇ ಸೀಟು ಎಂಬ ಮಿತಿಯನ್ನು ಉತ್ತಮ ಸಾಧನೆಯ ಕಾಲೇಜುಗಳ ಮಟ್ಟಿಗೆ ತೆಗೆದುಹಾಕಿತು. ಸಿಎಸ್ ವಿಭಾಗ ಹಿಗ್ಗಿಸಲು ದೊಡ್ಡ ಊರಿನ ಕಾಲೇಜುಗಳಿಗೆ ದಾರಿ ಸಲೀಸಾಯಿತು. ಅತ್ತ ಸೀಟು ಹೆಚ್ಚಿದಷ್ಟೂ ಇತ್ತ ಸಣ್ಣ ಊರಿನ ಸಿವಿಲ್, ಮೆಕ್ಯಾನಿಕಲ್ ಬೆಂಚು ಖಾಲಿ.

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಹುಟ್ಟಿದ್ದು ಎರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ. ಕೇಂದ್ರ, ರಾಜ್ಯ ಸರ್ಕಾರಗಳು ಮತ್ತು ಸ್ಥಳೀಯ ಶಿಕ್ಷಣ ಸಂಸ್ಥೆ ಕೈಜೋಡಿಸಿ ಕಟ್ಟಿದ್ದು. ದೇಶಕ್ಕೆ ಎಂಥ ಎಂಜಿನಿಯರ್ ಬೇಕು ಎಂದು ಆಗ ಸರ್ಕಾರ ಕೇಳಿಕೊಳ್ಳುತ್ತಿತ್ತು. ಈಗ ಆ ಲೆಕ್ಕವನ್ನು ಹದಿನೆಂಟರ ಹುಡುಗರ ಆಪ್ಷನ್ ಪಟ್ಟಿಗೆ ಬಿಟ್ಟು ಕೈತೊಳೆದುಕೊಂಡಿದೆ. ಇದು ಯೋಜನೆಯಲ್ಲ, ಸಂತೆ.

ಹಾಸನದ ಸಿವಿಲ್ ವಿದ್ಯಾರ್ಥಿಗಳಿಗೆ ಸರ್ಕಾರ ಘಾಟಿ ರಸ್ತೆ, ಎತ್ತಿನಹೊಳೆ ಕಾಮಗಾರಿಗಳಲ್ಲೇ ಸ್ಟೈಪೆಂಡ್ ಸಹಿತ ತರಬೇತಿ ಕೊಡಲಿ, ಖಾಲಿ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬಲಿ. ಸೀಟು ತಾನಾಗಿ ಭರ್ತಿಯಾದೀತು.

ಪೋಷಕರಿಗೊಂದು ಮಾತು: ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲೇ ಓದಿದ ಮಕ್ಕಳಿಗೆ ಸಿಇಟಿಯಲ್ಲಿ ಶೇ 15ರ ಗ್ರಾಮೀಣ ಮೀಸಲಾತಿ ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು. ಅರ್ಜಿ ತುಂಬುವ ಮೊದಲೇ ಮಾಡಿಸಿಟ್ಟುಕೊಳ್ಳಿ.