ಕುಕ್ಕರ್ ಎಷ್ಟು ಸಲ ಕೂಗಿತು?

ಮಿದುಳಿನ ಗೆಡ್ಡೆಗೆ ಆಪರೇಷನ್ ಆಯಿತು, ರೇಡಿಯೇಷನ್ನೂ ಮುಗಿಯಿತು. ಸ್ಕ್ಯಾನ್ ನೋಡಿದ ಡಾಕ್ಟರು 'ಈಗ ಚೆನ್ನಾಗಿದೆ' ಅಂದರು. ಉದುರಿದ ಕೂದಲೂ ಮತ್ತೆ ಬರುತ್ತಿದೆ. ಮನೆಮಂದಿಯೆಲ್ಲ ಸದ್ಯ, ದೇವರು ದೊಡ್ಡವನು ಎಂದು ನಿಟ್ಟುಸಿರು ಬಿಟ್ಟಿದ್ದಾರೆ. ಆದರೆ ಅಡುಗೆಮನೆಯಲ್ಲಿ ಏನೋ ಸರಿಯಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿದ್ದಿದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ಎದುರಿಗೇ ನಿಂತವಳಿಗೆ ತಕ್ಷಣ ಹೊಳೆಯುವುದಿಲ್ಲ. ಕುಕ್ಕರ್ ಎರಡು ಸಲ ಕೂಗಿತೋ ಮೂರು ಸಲವೋ, ಲೆಕ್ಕವೇ ತಪ್ಪಿಹೋಗಿದೆ. 'ಎಲ್ಲಾ ವಾಸಿಯಾಯ್ತಲ್ಲ, ಇನ್ನೂ ಯಾಕೆ ಹೀಗಾಡ್ತಾಳೆ? ಮನಸ್ಸಿಟ್ಟು ಮಾಡಲ್ಲ ಅಷ್ಟೆ' ಅನ್ನುವ ಮಾತು ಹಾಲ್‌ನಿಂದ ಕೇಳಿಬರುತ್ತದೆ.

ನಿಮ್ಮ ಮನೆಯಲ್ಲೋ, ಅಕ್ಕನ ಮನೆಯಲ್ಲೋ ಇಂಥ ಮಾತು ಕೇಳಿದ್ದರೆ ಒಂದು ವಿಷಯ ತಿಳಿದುಕೊಳ್ಳಿ. ಗೆಡ್ಡೆಯೂ ಅದಕ್ಕೆ ಮಾಡಿದ ಚಿಕಿತ್ಸೆಯೂ ಸೇರಿ ಮಿದುಳಿಗೆ ಪೆಟ್ಟು ಮಾಡಿರುತ್ತವೆ. ಕೈ ಮುರಿದಿದ್ದರೆ ಬ್ಯಾಂಡೇಜ್ ಕಾಣುತ್ತದೆ, ಪಾಪ ಅಂತಾರೆ. ಈ ಪೆಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಫೀಸಿಗೆ ಹೋಗುವವರಾದರೆ ಫೈಲು ತಪ್ಪಿದ ದಿನವೇ ಬಾಸ್ ಕರೆದು ಹೇಳುತ್ತಾರೆ, ಮನೆಯವರು ಡಾಕ್ಟರ ಹತ್ತಿರ ಓಡುತ್ತಾರೆ. ಗೃಹಿಣಿಯ ಸಾರು ಕೆಟ್ಟರೆ ಅದೊಂದು ರೋಗಲಕ್ಷಣ ಅಂತ ಯಾರಿಗೆ ಅನ್ನಿಸುತ್ತದೆ ಹೇಳಿ? ಅಡುಗೆ ಕೆಲಸ ಅಂದರೆ ಮಿದುಳಿಗೆ ಎಂಥ ಪರೀಕ್ಷೆ ಅನ್ನುವುದು ಮಾಡುವವರಿಗೇ ಗೊತ್ತು. ಒಂದು ಒಲೆಯಲ್ಲಿ ಒಗ್ಗರಣೆ, ಇನ್ನೊಂದರಲ್ಲಿ ಅನ್ನ, ನಡುವೆ ಮಗುವಿನ ಟಿಫಿನ್ ಡಬ್ಬಿ, ಅಷ್ಟರಲ್ಲಿ ಬಾಗಿಲಲ್ಲಿ ಹೂವಿನವಳು. ಎಲ್ಲ ಒಟ್ಟಿಗೇ ತಲೆಯಲ್ಲಿರಬೇಕು. ಚಿಕಿತ್ಸೆಯ ನಂತರ ಹೆಚ್ಚಾಗಿ ಕುಗ್ಗುವುದು ಇದೇ ಶಕ್ತಿಗಳು: ಗಮನ, ಯೋಚನೆಯ ವೇಗ, ಹೊಸ ವಿಷಯದ ನೆನಪು, ಕೆಲಸಗಳನ್ನು ಸಾಲಾಗಿ ಜೋಡಿಸಿಕೊಳ್ಳುವುದು. ಹಳೆಯದು ಅಷ್ಟಾಗಿ ಅಳಿಯುವುದಿಲ್ಲ. ಧಾರೆಯ ಸೀರೆಯ ಬಣ್ಣ ಹೇಳುವವಳು ನೀವು ಬೆಳಿಗ್ಗೆ ಹೇಳಿದ್ದನ್ನು ಮರೆತಿರುತ್ತಾಳೆ. 'ಬೇಕಾದ್ದು ಮಾತ್ರ ನೆನಪಿರತ್ತೆ' ಅಂತ ಚುಚ್ಚುವವರಿಗೆ ಇದನ್ನು ಓದಿ ಹೇಳಿ.

ಗೆಡ್ಡೆ ಎಲ್ಲಿತ್ತು ಅನ್ನುವುದರ ಮೇಲೂ ತೊಂದರೆಯ ರೂಪ ಬದಲಾಗುತ್ತದೆ. ಹಣೆಯ ಹಿಂದಿನ ಭಾಗದಲ್ಲಿದ್ದರೆ, ಮಾಡಬೇಕಾದ್ದೆಲ್ಲ ಗೊತ್ತಿದ್ದರೂ ಶುರು ಮಾಡಲಾಗದೆ ಸುಮ್ಮನೆ ಕೂತಿರಬಹುದು. ಇಲ್ಲವೇ ಸಣ್ಣದಕ್ಕೂ ರೇಗಬಹುದು. ಎಡಭಾಗದಲ್ಲಿದ್ದರೆ ಮಾತಿಗೆ ಪದ ಸಿಗದೆ ಒದ್ದಾಟ. ಸೌಟು ಅನ್ನಲು ಬಾರದೆ 'ಅದೇ... ಅದು...' ಅಂತ ಕೈ ತೋರಿಸುತ್ತಾರೆ.

ಇನ್ನು ರೇಡಿಯೇಷನ್. ಮುಗಿದ ಮೊದಲ ಕೆಲವು ತಿಂಗಳು ಕಾಡುವ ಸುಸ್ತು, ನಿದ್ದೆ, ಮಂಕು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಆರು ತಿಂಗಳು, ವರ್ಷ ಅಥವಾ ಇನ್ನೂ ತಡವಾಗಿ ಮೆಲ್ಲಗೆ ಶುರುವಾಗುವ ಮರೆವು ಮಾತ್ರ ಸಾಮಾನ್ಯವಾಗಿ ಉಳಿದುಬಿಡುತ್ತದೆ. ಎಷ್ಟು ಭಾಗಕ್ಕೆ ಕಿರಣ ಕೊಟ್ಟರು ಅನ್ನುವುದು ಇಲ್ಲಿ ಮುಖ್ಯ. ಬೇರೆಡೆಯ ಕ್ಯಾನ್ಸರ್ ಮಿದುಳಿಗೆ ಹರಡಿದ್ದ 58 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಗೆಡ್ಡೆಗಷ್ಟೇ ನಿಖರವಾಗಿ ಕಿರಣ ಕೊಟ್ಟಾಗ ನಾಲ್ಕು ತಿಂಗಳ ನಂತರ ಕಲಿಕೆ, ನೆನಪು ಕುಸಿಯುವ ಸಾಧ್ಯತೆ ಶೇ 24 ಇತ್ತು. ಜೊತೆಗೆ ಇಡೀ ಮಿದುಳಿಗೂ ಕೊಟ್ಟಾಗ ಅದು ಶೇ 52. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 3ರಿಂದ 25 ವರ್ಷದ 200 ರೋಗಿಗಳಲ್ಲಿ ಹಳೆಯ ವಿಧಾನ ಮತ್ತು ನಿಖರ ವಿಧಾನವನ್ನು ಹೋಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದು ವರ್ಷದ ಅವಧಿಯಲ್ಲಿ ಬುದ್ಧಿಶಕ್ತಿ ಚೆನ್ನಾಗಿ ಉಳಿದದ್ದು ನಿಖರ ವಿಧಾನದವರಲ್ಲಿ.

ಇದನ್ನೋದಿ ರೇಡಿಯೇಷನ್ನೇ ಬೇಡ ಅಂತ ಮಾತ್ರ ಹಟ ಹಿಡಿಯಬೇಡಿ. ಜೀವ ಉಳಿಸುವ ಚಿಕಿತ್ಸೆ ಅದು. ಶುರುವಾಗುವ ಮುಂಚೆ ಸಂಕೋಚ ಬಿಟ್ಟು ಕೇಳಿ: ಇಡೀ ತಲೆಗೆ ಕೊಡುತ್ತೀರಾ, ಗೆಡ್ಡೆಯ ಜಾಗಕ್ಕಷ್ಟೇನಾ? ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗವನ್ನು ತಪ್ಪಿಸಿ ಕೊಡಲು ಆಗುತ್ತಾ?

ಎಲ್ಲವನ್ನೂ ರೇಡಿಯೇಷನ್ ತಲೆಗೇ ಕಟ್ಟಬೇಡಿ!

ಸರಿಪಡಿಸಬಹುದಾದ ಕಾರಣಗಳೂ ಇರುತ್ತವೆ. ಮಿದುಳಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ರಾತ್ರಿ ನಿದ್ದೆ ಕೆಡಿಸುತ್ತದೆ, ಹಗಲು ಸಿಡುಕು ತರುತ್ತದೆ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಟ್ಟು ಹೆಚ್ಚಿಸಿದರೆ, ಟೋಪಿರಾಮೇಟ್ ಪದಗಳನ್ನೇ ಮರೆಸಬಹುದು. ಡಾಕ್ಟರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಿಕೊಡಬಲ್ಲರು. ನೀವಾಗಿಯೇ ನಿಲ್ಲಿಸಿದರೆ ಅನಾಹುತ. ಇವೆರಡು ಥರದ ಮಾತ್ರೆಗಳನ್ನೂ ದಿಢೀರ್ ಬಿಡುವಂತಿಲ್ಲ. ತಲೆಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಮುಂತಾದ ಹಾರ್ಮೋನು ಕಡಿಮೆಯಾಗಿಯೂ ಮಂಕು ಕವಿಯಬಹುದು, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಖಿನ್ನತೆಯನ್ನಂತೂ ಮರೆಯಲೇಬೇಡಿ.

ಒಂದೆಲಗದ ತಂಬುಳಿ ಮಾಡಿಕೊಡಿ ಅಂತ ಹೇಳುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ತಂಬುಳಿ ಊಟಕ್ಕೆ ರುಚಿ, ಬಡಿಸಿ. ನೆನಪಿನ ಶಕ್ತಿಗೆಂದು ಮಾರುವ ಪುಡಿ, ಲೇಹ್ಯಗಳನ್ನು ಮಾತ್ರ ಡಾಕ್ಟರನ್ನು ಕೇಳದೆ ಈ ಮಾತ್ರೆಗಳ ಜೊತೆ ಕೊಡಬೇಡಿ.

'ಇವತ್ತು ಯಾವ ವಾರ, ಇದು ಯಾವ ಊರು' ಅಂತ ಕೇಳುವ ಚಿಕ್ಕ ಪರೀಕ್ಷೆಯಲ್ಲಿ ಇಂಥವರು ಪಾಸಾಗಿಬಿಡುತ್ತಾರೆ! ಬೇಕಾದದ್ದು ನ್ಯೂರೋಸೈಕಾಲಜಿ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನವರೇ 2004ರಲ್ಲಿ ನಮ್ಮ ಜನರಿಗೆ ಹೊಂದುವಂಥ ಪರೀಕ್ಷೆಗಳ ಸರಣಿ ರೂಪಿಸಿದ್ದಾರೆ. ಗಮನ, ನೆನಪು, ಭಾಷೆಯಲ್ಲಿ ಎಲ್ಲಿ ಕೊರತೆ ಅಂತ ಇದರಿಂದ ತಿಳಿಯುತ್ತದೆ, ಅದಕ್ಕೆ ತಕ್ಕ ತರಬೇತಿ ಕೊಡುತ್ತಾರೆ.

ಮನೆಯಲ್ಲಿ ಏನು ಮಾಡಬಹುದು? ಒಂದು ಹೊತ್ತಿಗೆ ಒಂದೇ ಒಲೆ, ಒಂದೇ ಕೆಲಸ. ಟಿವಿ ಆಫ್ ಇರಲಿ. ಕುಕ್ಕರ್ ಕೂಗು ಎಣಿಸುವ ಬದಲು ಮೊಬೈಲ್‌ನಲ್ಲಿ ಟೈಮರ್ ಇಡಿ. ಉಪ್ಪು ಹಾಕಿದ ತಕ್ಷಣ ಡಬ್ಬಿಯನ್ನು ಕಪಾಟಿಗೆ ಸೇರಿಸಿಬಿಡಲಿ. ಕಟ್ಟೆ ಮೇಲೆ ಡಬ್ಬಿ ಇಲ್ಲದಿದ್ದರೆ ಹಾಕಿಯಾಯ್ತು ಅಂತ ಅರ್ಥ. ಕಷ್ಟದ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಮಲಗಲಿ. ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ಬೇರೆಯವರೇ ತುಂಬಿಡಲಿ. ಹಾಗಂತ ಅಡುಗೆಮನೆಯಿಂದ ಪೂರ್ತಿ ಎಬ್ಬಿಸಿ ಕೂರಿಸಬೇಡಿ. 'ನೀನೇನೂ ಮಾಡ್ಬೇಡಮ್ಮ' ಅನ್ನುವುದು ಪ್ರೀತಿಯೇ ಇರಬಹುದು, ಆದರೆ ಕೇಳುವವರಿಗೆ ಚುರುಕ್ ಅನ್ನುತ್ತದೆ. ಒಂದು ಪಲ್ಯ ಅವರದೇ ಜವಾಬ್ದಾರಿ ಆಗಿರಲಿ, ನೀವು ಪಕ್ಕದಲ್ಲಿರಿ. ಫಿಟ್ಸ್ ಬರುವವರಾದರೆ ಒಬ್ಬರೇ ಒಲೆ ಮುಂದೆ ನಿಲ್ಲಬಾರದು, ಬಚ್ಚಲಿನ ಚಿಲಕ ಹಾಕಬಾರದು, ಸ್ಕೂಟರ್ ಅಂತೂ ಡಾಕ್ಟರು ಒಪ್ಪುವವರೆಗೆ ಮುಟ್ಟುವಂತಿಲ್ಲ.

ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಿದರೆ, ತಲೆನೋವು, ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು ಬಂದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದದ್ದನ್ನು ಹಾಲಿನ ಲೆಕ್ಕ ಬರೆಯುವಂತೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಯುತ್ತಾ ಬನ್ನಿ: ಏನು ಮರೆತರು, ಯಾವ ಹೊತ್ತಿನಲ್ಲಿ, ಹಿಂದಿನ ರಾತ್ರಿ ನಿದ್ದೆ ಬಂದಿತ್ತೇ. ಮುಂದಿನ ಚೆಕಪ್‌ನಲ್ಲಿ ಸ್ಕ್ಯಾನ್ ಕವರಿನ ಜೊತೆ ಅದನ್ನೂ ಡಾಕ್ಟರ ಮೇಜಿನ ಮೇಲಿಡಿ. ಮೊದಲು ಮಾತಾಡಲು ಅವರನ್ನೇ ಬಿಡಿ, ಪದ ಸಿಗುವುದು ಸ್ವಲ್ಪ ತಡವಾದರೂ ಪರವಾಗಿಲ್ಲ.